ಎಣ್ಣೆ ಡಬ್ಬಿಯ ಎರಡನೇ ತೂತು

ಪೆಟ್ರೋಲ್ ಟಾಕಿಯ ಮುಚ್ಚಳ ತಿರುಗಿಸಿದ ಕೂಡಲೇ ಸುಯ್ಯ್ ಅಂತ ಸದ್ದಾಯಿತು. ಒಳಗಿನದು ಹೊರಗೆ ಬಂದ ಸದ್ದಲ್ಲ ಅದು. ಹೊರಗಿನ ಗಾಳಿ ಒಳಗೆ ನುಗ್ಗಿದ ಸದ್ದು. ಅಂಗೈ ಅಡ್ಡ ಹಿಡಿದೆ, ಚರ್ಮ ಒಳಗೆ ಎಳೆಯಿತು. ಮೂರ್ನಾಲ್ಕು ಸೆಕೆಂಡ್ ಹಾಗೇ ಎಳೆದು, ಆಮೇಲೆ ಗಾಡಿಯ ಹೊಟ್ಟೆಯೊಳಗಿಂದ ಠಣ್ ಅಂತ ತಗಡು ಬಡಿದ ಹಾಗೆ ಕೇಳಿಸಿತು. ಹಿಂದೆ ಹಾಸಿಗೆಯಲ್ಲಿ ಮಲಗಿದ್ದ ಅವ್ವ ಎದ್ದು ಕೂತಳು.

"ಏನ್ ಮುರೀತೋ?"

ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಗೋವಾದಿಂದ ಧಾರವಾಡಕ್ಕೆ ಹೊರಟು ಅನಮೋಡ ಘಾಟಿನ ಅರ್ಧಕ್ಕೆ ಬಂದಿದ್ದೆವು. ಬೆಳಿಗ್ಗೆ ವಾಸ್ಕೋದಲ್ಲಿ ಟಾಕಿ ತುಂಬಿಸಿಕೊಂಡು, ಫೋಂಡಾ ದಾಟಿ, ಮೊಲ್ಲೆಮ್ ದಾಟಿ ಏರು ಹತ್ತುತ್ತಿದ್ದಾಗ ಗಾಡಿ ಮೊದಲ ಸಲ ನಿಂತಿತು. ಒಮ್ಮೆಲೇ ಅಲ್ಲ. ಆಕ್ಸಿಲರೇಟರ್ ಒತ್ತಿದರೂ ಎಳೆಯದೆ, ಕೆಮ್ಮಿ ಕೆಮ್ಮಿ ನಿಂತಿತು. ಕಾಲು ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್. ಸ್ವಲ್ಪ ದೂರ ಹೋದರೆ ಮತ್ತೆ ಅದೇ ಕೆಮ್ಮು. ಎರಡನೇ ಸಲ ನಿಂತಾಗ ಹಿಂದೆ ಬಂದ ಲಾರಿಯ ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ಟಾಕಿ ಮುಚ್ಚಳಾ ತಗದ ನೋಡ್ರಿ ಒಮ್ಮೆ" ಅಂದ. ಯಾಕೆ ಅಂತ ಕೇಳುವಷ್ಟರಲ್ಲಿ ಗೇರ್ ಹಾಕಿ ಹೋಗೇಬಿಟ್ಟ.

ಮುಚ್ಚಳ ತೆಗೆದು, ಮತ್ತೆ ಹಾಕಿ, ಕೀ ತಿರುಗಿಸಿದೆ. ಏನೂ ಆಗೇ ಇಲ್ಲ ಅನ್ನೋ ಹಾಗೆ ಎಂಜಿನ್ ಎದ್ದಿತು. ಧಾರವಾಡ ಮುಟ್ಟುವಷ್ಟರಲ್ಲಿ ಏಳು ಸಲ ಇಳಿದು ಮುಚ್ಚಳ ತೆಗೆದಿದ್ದೇನೆ. ಲೆಕ್ಕ ಇಟ್ಟವಳು ಅವ್ವ. ರಾಮನಗರದ ಹತ್ತಿರ ನಾಲ್ಕನೆಯದು, ಅಳ್ನಾವರದಲ್ಲಿ ಆರನೆಯದು ಅಂತ ಮನೆಗೆ ಬಂದವರಿಗೆಲ್ಲ ಹೇಳಿದಳು.

ಗಾಡಿ ಯಾವುದು ಅಂತ ಹೇಳಲೇ ಇಲ್ಲ ಅಲ್ವಾ. 2004ರ ಮಾರುತಿ ಓಮ್ನಿ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದು, 1988ರಲ್ಲಿ ಓಮ್ನಿ ಅಂತ ಹೆಸರು ಬದಲಾಗಿ, 2019ರಲ್ಲಿ ನಿಂತುಹೋದ ಗಾಡಿ. 796 ಸಿಸಿ, ಮೂರು ಸಿಲಿಂಡರ್, ಎಂಜಿನ್ ಮುಂದಿನ ಸೀಟಿನ ಕೆಳಗೆ. ಸಿನಿಮಾದಲ್ಲಿ ಯಾರನ್ನಾದರೂ ಎತ್ತಿಹಾಕಿಕೊಂಡು ಹೋಗಬೇಕಾದರೆ ಇದೇ ಬರಬೇಕು. ನಾನು ಹಿಂದಿನ ಸೀಟು ತೆಗೆದು ಪ್ಲೈವುಡ್ ಪೆಟ್ಟಿಗೆ ಮಾಡಿ ಮೇಲೆ ಹಾಸಿಗೆ ಹಾಸಿದ್ದೇನೆ. ಒಂದು ಸಣ್ಣ ಗ್ಯಾಸ್ ಒಲೆ, 20 ಲೀಟರಿನ ನೀರಿನ ಕ್ಯಾನು, ಎರಡು ಕಡೆ ಸೊಳ್ಳೆ ಪರದೆ. ಇಷ್ಟಕ್ಕೆ ನಾನು 'ಕ್ಯಾಂಪರ್' ಅಂತೇನೆ, ಹೆಂಡತಿ 'ನಿಮ್ಮ ಡಬ್ಬಿ' ಅಂತಾಳೆ. ಆರ್‌ಟಿಒ ಪಾಸಿಂಗಿಗೆ ಹೋಗುವಾಗ ಪೆಟ್ಟಿಗೆ ಇಳಿಸಿ ಸೀಟು ಹಾಕಿಕೊಂಡು ಹೋಗ್ತೇನೆ. ಹಾಗಾಗಿ ಪ್ಲೈವುಡ್ಡಿಗೆ ಹೊಡೆಯುವ ಹಳದಿ ಸ್ಕ್ರೂಗಳ ಡಬ್ಬಿಯೊಂದು ಗಾಡಿಯಲ್ಲೇ ಇರುತ್ತದೆ. ಈ ಡಬ್ಬಿ ನೆನಪಿಟ್ಟುಕೊಳ್ಳಿ.

ಕಥೆ ಘಾಟಿಗಿಂತ ಮೊದಲೇ ಶುರುವಾಗಿತ್ತು. ಮಳೆಗಾಲದಲ್ಲಿ ಗಾಡಿಯೊಳಗೆ ಪೆಟ್ರೋಲ್ ವಾಸನೆ. ಟಾಕಿ ತುಂಬಿಸಿದ ದಿನ ಜಾಸ್ತಿ, ಅರ್ಧಕ್ಕೆ ಬಂದಾಗ ಕಡಿಮೆ. ಬಿಸಿಲಿಗೆ ನಿಲ್ಲಿಸಿ ಬಾಗಿಲು ಸರಿಸಿದರೆ ಮುಖಕ್ಕೆ ಹೊಡೆಯುತ್ತಿತ್ತು. ಅವ್ವ ಒಮ್ಮೆ ಹತ್ತಿ ಕೂತು, ಮೂಗಿಗೆ ಸೆರಗು ಹಿಡಿದು, "ಇದರಾಗ ನಾ ಬರೂದಿಲ್ಲ" ಅಂದುಬಿಟ್ಟಳು. ಮನೆಯ ಹತ್ತಿರದ ಗ್ಯಾರೇಜಿಗೆ ಹೋದೆ. ಹುಡುಗ ನಮ್ಮವನೇ, ವಿಜಯಪುರ ಕಡೆಯವನು. ಏನು ಮಾಡಬೇಕು ಅಂತ ಕೇಳಿದ. "ಏನರ ಮಾಡಪಾ, ವಾಸನಿ ಹೋದ್ರ ಸಾಕು" ಅಂದೆ. ಗಡಿಬಿಡಿಯಲ್ಲಿದ್ದೆ, ಫೋನ್ ಬೇರೆ ಬಂದಿತ್ತು. ಅರ್ಧ ಗಂಟೆಗೆ ಗಾಡಿ ಕೊಟ್ಟ, 300 ರೂಪಾಯಿ ತಗೊಂಡ. ವಾಸನೆ ಹೋಯಿತು. ನಿಜವಾಗಿಯೂ ಹೋಯಿತು. ಎರಡು ತಿಂಗಳು ವಾಸ್ಕೋ, ಚಿಖಲಿ, ಮಡಗಾಂವ್ ಅಂತ ಓಡಾಡಿದೆ, ಒಂದು ತೊಂದರೆ ಇಲ್ಲ. ಆ ಹುಡುಗನ ಬಗ್ಗೆ ನಾಲ್ಕು ಜನರಿಗೆ ಒಳ್ಳೆಯ ಮಾತೂ ಹೇಳಿದ್ದೆ.

ಧಾರವಾಡದಿಂದ ಬಂದ ಮೇಲೆ ಗಾಡಿ ತಗೊಂಡು ಹೋದದ್ದು ಝುವಾರಿ ನಗರದ ಒಬ್ಬ ಮಿಸ್ತ್ರಿ ಹತ್ತಿರ. ಗದಗ ಜಿಲ್ಲೆಯ ರೋಣದ ಕಡೆಯವರು. ಹದಿನಾಲ್ಕನೇ ವಯಸ್ಸಿಗೆ ಗೋವಾಕ್ಕೆ ಬಂದವರಂತೆ. ನಾನು ಕಾಕಾ ಅಂತ ಕರೀತೇನೆ. ಪಂಪು ಹೋಗಿರಬೇಕು, ಹೊಸದು ಹಾಕಿಬಿಡಿ ಅಂತ ಹೇಳಲಿಕ್ಕೇ ಹೋಗಿದ್ದು ನಾನು. ಅವರು ಪಂಪಿನ ಮಾತೇ ಎತ್ತಲಿಲ್ಲ.

"ಮುಚ್ಚಳಾ ತಗದ ಮ್ಯಾಲ ಚಾಲೂ ಆಕ್ಕೈತಿ ಹೌದಲ್ಲೋ ತಮ್ಮಾ?"

"ಹೌದ್ರಿ."

"ಹಂಗಾರ ಪಂಪ್ ಛಲೋ ಐತಿ. ಉಸುರ ಕಟ್ಟೈತಿ."

ಆಮೇಲೆ ನೆಲದ ಮೇಲೆ ಬಿದ್ದಿದ್ದ ಖಾಲಿ ಆಯಿಲ್ ಡಬ್ಬಿ ಎತ್ತಿ ತೋರಿಸಿದರು. ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದು ಬಗ್ಗಿಸಿದರೆ ಏನಾಗುತ್ತದೆ? ಗುಳುಂ ಗುಳುಂ ಅಂತ ಸ್ವಲ್ಪ ಸುರಿದು ನಿಲ್ಲುತ್ತದೆ. ಎದುರಿನ ಮೂಲೆಗೆ ಇನ್ನೊಂದು ತೂತು ಬಿದ್ದ ಮೇಲೆ ಧಾರೆ ಕಟ್ಟಿದ ಹಾಗೆ ಬರುತ್ತದೆ. ಟಾಕಿಯೂ ಅದೇ. ಎಂಜಿನ್ ಒಂದು ಲೀಟರ್ ಪೆಟ್ರೋಲ್ ಕುಡಿದರೆ ಟಾಕಿಯೊಳಗೆ ಅಷ್ಟೇ ಜಾಗಕ್ಕೆ ಗಾಳಿ ಬರಬೇಕು. ಬರದಿದ್ದರೆ ಒಳಗೆ ಎಳೆತ ಹುಟ್ಟುತ್ತದೆ. ಪಂಪು ಈ ಕಡೆ ಎಳೆಯುತ್ತದೆ, ಟಾಕಿ ಆ ಕಡೆ ಎಳೆಯುತ್ತದೆ. ಟಾಕಿ ಪೂರ್ತಿ ತುಂಬಿದ್ದಾಗ ಒಳಗೆ ಗಾಳಿಯ ಜಾಗ ಕಡಿಮೆ, ಹಾಗಾಗಿ ಎಳೆತ ಬೇಗ ಏರುತ್ತದೆ. ನಾನು ಫುಲ್ ಮಾಡಿಸಿಕೊಂಡೇ ಘಾಟು ಹತ್ತಿದ್ದೆ.

ಸಂಜೆ ಮನೆಗೆ ಹೋಗಿ ಒಂದು ಲೆಕ್ಕ ಹಾಕಿದೆ. ಗಾಳಿಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ. ಟಾಕಿಯ ಒಂದು ಮುಖ 50 ಸೆಂಟಿಮೀಟರ್ ಉದ್ದ, 40 ಅಗಲ ಅಂತ ಇಟ್ಟುಕೊಂಡರೆ 2000 ಚದರ ಸೆಂಟಿಮೀಟರ್. ಒಳಗಿನ ಒತ್ತಡ ಹೊರಗಿನದಕ್ಕಿಂತ ನೂರಕ್ಕೆ ಐದು ಕಡಿಮೆಯಾದರೂ ಸಾಕು, ಆ ತಗಡಿನ ಮೇಲೆ 100 ಕಿಲೋ ಭಾರ ಹೇರಿದ ಹಾಗೆ. ಘಾಟಿನಲ್ಲಿ ಠಣ್ ಅಂದದ್ದು ಅದೇ. ಒಳಗೆ ತಗ್ಗಿದ್ದ ತಗಡು ಗಾಳಿ ಸಿಕ್ಕ ಕೂಡಲೇ ಹೊರಗೆ ಚಿಮ್ಮಿತ್ತು.

ಮರುದಿನ ಟಾಕಿ ಇಳಿಸುವ ಕೆಲಸ. ನಾನು ರಜೆ ಹಾಕಿ ಹೋಗಿ ನಿಂತೆ. ಕಾಕಾ ಗಾಡಿಯನ್ನು ಶೆಡ್ಡಿನಿಂದ ಹೊರಗೆ, ಬಯಲಿಗೆ ತಳ್ಳಿಸಿದರು. ಬ್ಯಾಟರಿಯ ಮೈನಸ್ ತೆಗೆದರು. ಪೆಟ್ರೋಲನ್ನು ಪೈಪು ಹಾಕಿ ಕಬ್ಬಿಣದ ಕ್ಯಾನಿಗೆ ಇಳಿಸಿ, ಮುಚ್ಚಿ, ದೂರ ಇಡಿಸಿದರು. ಪಕ್ಕದಲ್ಲಿ ಎರಡು ಬಕೆಟ್ ಮರಳು. ಚಹಾ ತಂದವನ ಕಿವಿಯ ಮೇಲೆ ಬೀಡಿ ಕಂಡಿತು. ಅದು ಹಚ್ಚಿದ್ದೂ ಅಲ್ಲ, ಆದರೂ ಅವನಿಗೆ ಬೈದ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ.

"ಈಗ ಖಾಲಿ ಆತಲ್ರಿ ಕಾಕಾ" ಅಂದೆ.

"ತುಂಬಿದ ಟಾಕಿಗಿಂತ ಖಾಲಿ ಟಾಕಿಗೆ ಅಂಜಬೇಕು" ಅಂದರು.

ಅದು ನಿಜ. ಉರಿಯುವುದು ದ್ರವ ಅಲ್ಲ, ಆವಿ. ಪೆಟ್ರೋಲ್ ಮೈನಸ್ 40 ಡಿಗ್ರಿ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಗಾಳಿಯಲ್ಲಿ ಆ ಆವಿ ನೂರಕ್ಕೆ ಸುಮಾರು 1.4ರಿಂದ 7.6 ಪಾಲು ಇದ್ದರೆ ಒಂದು ಕಿಡಿ ಸಾಕು. ಖಾಲಿ ಟಾಕಿಯೊಳಗೆ ಇರುವುದು ಆ ಮಿಶ್ರಣವೇ. ಇನ್ನೊಂದು ವಿಷಯ ಆ ದಿನವೇ ತಲೆಗೆ ಬಂದದ್ದು. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಏರಿ ಹೋಗಲ್ಲ, ನೆಲದಲ್ಲಿ ನೀರಿನ ಹಾಗೆ ತಂಗುತ್ತದೆ. ನನ್ನ ಹಾಸಿಗೆ ಗಾಡಿಯ ನೆಲದಿಂದ ಒಂದು ಅಡಿ ಮೇಲೆ. ಒಲೆ ಇಡುವುದು ನೆಲದ ಮೇಲೆ. ಆಗಸ್ಟಿನಲ್ಲಿ ಒಂದು ಮಳೆಯ ರಾತ್ರಿ, ಬಾಗಿಲು ಪೂರ್ತಿ ಮುಚ್ಚಿಕೊಂಡು, ಆ ವಾಸನೆಯಲ್ಲೇ, ಬೆಂಕಿಕಡ್ಡಿ ಗೀರಿ ಚಹಾ ಮಾಡಿದ್ದೆ. ಮಗಳು ಹಾಸಿಗೆಯ ಮೇಲೆ ಮಲಗಿದ್ದಳು. ಇದನ್ನು ಹೆಂಡತಿಗೆ ಇನ್ನೂ ಹೇಳಿಲ್ಲ. ಅವಳು ಇಂಥದ್ದೆಲ್ಲ ಓದೋದಿಲ್ಲ ಅನ್ನೋ ಧೈರ್ಯದಲ್ಲಿ ಬರೀತಿದ್ದೇನೆ.

ಟಾಕಿ ಹಿಡಿದಿದ್ದ ಬೋಲ್ಟುಗಳು ಗೋವಾದ ಇಪ್ಪತ್ತು ಮಳೆಗಾಲ ಕುಡಿದಿದ್ದವು. ಒಂದಕ್ಕೆ ಪಾನಾ ಹಾಕಿ ತಿರುಗಿಸಿದರೆ ತಲೆ ಮಾತ್ರ ಕೈಗೆ ಬಂತು. ಹಲಗೆಯ ಕೆಳಗೆ ಜಾಕ್ ಕೊಟ್ಟು ಟಾಕಿಯನ್ನು ಗೇಣುದ್ದ ಇಳಿಸಿದ ಮೇಲೆ ಕಾಕಾ ಮಲಗಿಕೊಂಡೇ ಒಳಗೆ ಕೈ ಹಾಕಿದರು. ಸ್ವಲ್ಪ ಹೊತ್ತು ಏನೂ ಮಾತಿಲ್ಲ. ಆಮೇಲೆ ನಗುವ ಸದ್ದು. ಒಂದು ತುಂಡು ಕಪ್ಪು ಪೈಪು ಹೊರಗೆ ಎಸೆದರು.

ಕಿರುಬೆರಳಿನ ದಪ್ಪದ ರಬ್ಬರ್ ಪೈಪು. ಅದರ ಬಾಯಿಗೆ ಒಂದು ಸ್ಕ್ರೂ ಹೊಡೆದು, ಮೇಲಿಂದ ಕ್ಲಿಪ್ ಬಿಗಿದಿದ್ದರು. ಸ್ಕ್ರೂ ಹಳದಿ ಬಣ್ಣದ್ದು, ತಲೆಯಲ್ಲಿ ಪ್ಲಸ್ ಗುರುತು. ನನ್ನ ಹಾಸಿಗೆಯ ಪೆಟ್ಟಿಗೆಗೆ ಹೊಡೆದಿರುವುದು ಅದೇ. ಗಾಡಿಯಲ್ಲಿದ್ದ ಡಬ್ಬಿಯಿಂದಲೇ ತೆಗೆದದ್ದು.

ಆ ಪೈಪಿನ ಕೆಲಸ ಏನು ಅಂತ ಹೇಳಬೇಕು. ಪೆಟ್ರೋಲ್ ಟಾಕಿ ದಿನಾ ಉಸಿರಾಡುತ್ತದೆ, ಗಾಡಿ ನಿಂತಿದ್ದಾಗಲೂ. ಬಿಸಿಲೇರಿದ ಹಾಗೆ ಪೆಟ್ರೋಲ್ ಆವಿಯಾಗಿ ಒಳಗಿನ ಒತ್ತಡ ಹೆಚ್ಚುತ್ತದೆ, ಆವಿ ಹೊರಗೆ ಬರಲು ನೋಡುತ್ತದೆ. ರಾತ್ರಿ ತಂಪಾದಾಗ ಹೊರಗಿನ ಗಾಳಿ ಒಳಗೆ ಹೋಗಬೇಕು. ಹಿಂದಿನ ಕಾಲದ ಗಾಡಿಗಳಲ್ಲಿ ಈ ಉಸಿರು ನೇರ ಬೀದಿಗೆ. ಈಗ ಟಾಕಿಯ ಮೇಲಿಂದ ಒಂದು ಪೈಪು ಹೊರಟು, ನಡುವೆ ಒಂದು ಸಣ್ಣ ವಾಲ್ವ್ ದಾಟಿ, ಇದ್ದಿಲು ತುಂಬಿದ ಕಪ್ಪು ಡಬ್ಬಿಗೆ ಸೇರುತ್ತದೆ. ಗ್ಯಾರೇಜಿನವರು ಕ್ಯಾನಿಸ್ಟರ್ ಅಂತಾರೆ. ಆವಿ ಬಂದು ಆ ಇದ್ದಿಲಿಗೆ ಅಂಟಿಕೊಳ್ಳುತ್ತದೆ. ಎಂಜಿನ್ ಓಡುವಾಗ ಅದೇ ಡಬ್ಬಿಯ ಮೂಲಕ ಸ್ವಲ್ಪ ಹೊಸ ಗಾಳಿ ಎಳೆದುಕೊಂಡು, ಅಂಟಿದ್ದ ಪೆಟ್ರೋಲನ್ನೆಲ್ಲ ಕಿತ್ತು ಒಯ್ದು ಸುಡುತ್ತದೆ. ಇದ್ದಿಲು ಮತ್ತೆ ಖಾಲಿ, ರಾತ್ರಿಗೆ ತಯಾರು. ಇದು ಒಲೆಯ ಇದ್ದಿಲಲ್ಲ. ಕಣ್ಣಿಗೆ ಕಾಣದ ತೂತುಗಳು ಅದರಲ್ಲಿ ಎಷ್ಟಿರುತ್ತವೆ ಅಂದರೆ, ಒಂದು ಗ್ರಾಂ ಇದ್ದಿಲಿನ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ 1000 ಚದರ ಮೀಟರಿನ ಆಸುಪಾಸು ಬರುತ್ತದೆ. ಮನೆಯ ನೀರಿನ ಫಿಲ್ಟರಿನಲ್ಲಿ ಇರುವುದೂ ಇದೇ ಜಾತಿಯದು, ಅದನ್ನು ತೆಂಗಿನ ಕರಟದಿಂದಲೂ ಮಾಡುತ್ತಾರೆ.

ಈ ಡಬ್ಬಿ ಹುಟ್ಟಿದ್ದಕ್ಕೆ ಕಾರಣ ಲಾಸ್ ಏಂಜಲೀಸಿನ ಹೊಗೆಮಂಜು. ಆರೀ ಹಾಗನ್-ಸ್ಮಿಟ್ ಅಂತ ಒಬ್ಬ ರಸಾಯನ ವಿಜ್ಞಾನಿ, ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡುತ್ತಿದ್ದವರು. ಅನಾನಸ್ ಹಣ್ಣಿನ ಘಮ ಎಲ್ಲಿಂದ ಬರುತ್ತದೆ ಅಂತ ಹುಡುಕುತ್ತಿದ್ದವರು ಊರಿನ ಹೊಗೆಯನ್ನೇ ಹಿಡಿದು ಪರೀಕ್ಷಿಸಿದರು. ಸುಡದೆ ಉಳಿದ ಪೆಟ್ರೋಲಿನ ಆವಿ, ಎಂಜಿನ್ ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡು, ಮೇಲಿಂದ ಬಿಸಿಲು, ಮೂರೂ ಸೇರಿ ಓಝೋನ್ ತುಂಬಿದ, ಕಣ್ಣುರಿಸುವ ಹೊಗೆಮಂಜು ಆಗುತ್ತದೆ ಅಂತ 1950ರ ದಶಕದ ಶುರುವಿನಲ್ಲಿ ತೋರಿಸಿದರು. ಅಂದರೆ ಹೊಗೆ ಕೊಳವೆಯದು ಮಾತ್ರ ತಪ್ಪಲ್ಲ, ಸುಮ್ನೆ ನಿಂತ ಗಾಡಿಯ ಟಾಕಿಯದೂ ಪಾಲಿದೆ. 1970ರ ಮಾದರಿಯಿಂದ ಕ್ಯಾಲಿಫೋರ್ನಿಯಾದಲ್ಲಿ, 1971ರಿಂದ ಇಡೀ ಅಮೆರಿಕದಲ್ಲಿ ಈ ಆವಿಯನ್ನು ಹಿಡಿದಿಡುವ ವ್ಯವಸ್ಥೆ ಕಡ್ಡಾಯವಾಯಿತು. ಅನಾನಸ್ ಹುಡುಕಲು ಹೋದವರು ನನ್ನ ಓಮ್ನಿಗೆ ಒಂದು ಡಬ್ಬಿ ಅಂಟಿಸಿದರು ಅಂದುಕೊಂಡರೆ ಖುಷಿಯಾಗುತ್ತದೆ.

ನನ್ನ ಗಾಡಿಯಲ್ಲಿ ಏನಾಗಿತ್ತು ಅಂದರೆ, ಟಾಕಿಯಿಂದ ಡಬ್ಬಿಗೆ ಹೋಗುವ ಪೈಪು ಬಗ್ಗುವ ಜಾಗದಲ್ಲಿ ಸೀಳು ಬಿಟ್ಟಿತ್ತು. ಬಗ್ಗಿಸಿ ನೋಡಿದರೆ ಒಣಗಿದ ಕೆರೆಯ ಮಣ್ಣಿನ ಹಾಗೆ ಬಿರುಕು. ವಾಸನೆ ಅಲ್ಲಿಂದ. ಆ ಹುಡುಗ ಸೀಳಿನ ತನಕ ಹೋಗಲೇ ಇಲ್ಲ. ಟಾಕಿಯ ಹತ್ತಿರವೇ ಪೈಪು ಕತ್ತರಿಸಿ ಸ್ಕ್ರೂ ಹೊಡೆದ. ಆವಿ ಹೊರಗೆ ಬರುವುದು ನಿಂತಿತು, ಗಾಳಿ ಒಳಗೆ ಹೋಗುವುದೂ ನಿಂತಿತು. ಇಷ್ಟಾದರೂ ಗಾಡಿ ನಿಲ್ಲಬಾರದಿತ್ತು. ಯಾಕೆಂದರೆ ಟಾಕಿಯ ಮುಚ್ಚಳದಲ್ಲೂ ಒಂದು ಪುಟ್ಟ ವಾಲ್ವ್ ಇರುತ್ತದೆ, ಒಳಗೆ ಎಳೆತ ಹೆಚ್ಚಾದರೆ ಅದು ತೆರೆದು ಗಾಳಿ ಬಿಡುತ್ತದೆ. ನನ್ನ ಮುಚ್ಚಳದಲ್ಲಿ ಅದಿರಲಿಲ್ಲ. ಮೂರು ವರ್ಷದ ಹಿಂದೆ ಕೀ ಕಳೆದಾಗ ರಸ್ತೆ ಬದಿಯ ಅಂಗಡಿಯಲ್ಲಿ 150 ರೂಪಾಯಿಗೆ ತಗೊಂಡ ಡೂಪ್ಲಿಕೇಟ್ ಮುಚ್ಚಳ ಅದು. ನೋಡಲಿಕ್ಕೆ ಹಳೆಯದಕ್ಕಿಂತ ಚೆಂದ ಇತ್ತು.

ಇದ್ದಿಲಿನ ಡಬ್ಬಿಯ ಕಥೆಗೂ ನಾನೇ ಕಾರಣ. ಬಿಚ್ಚಿ ಕೈಗೆ ಕೊಟ್ಟಾಗ ಭಾರ ಅನ್ನಿಸಿತು. ಅಲ್ಲಾಡಿಸಿದರೆ ಒಳಗೆ ಕುಲುಕುಲು. ಆವಿ ಹಿಡಿಯಬೇಕಾದ ಇದ್ದಿಲು ಪೆಟ್ರೋಲಿನಲ್ಲೇ ನೆನೆದುಹೋಗಿತ್ತು. ಕಾಕಾ ಕೇಳಿದ್ದು ಒಂದೇ ಪ್ರಶ್ನೆ. "ಪಂಪಿನಾಗ ರೌಂಡ್ ಫಿಗರ್ ಮಾಡಸ್ತೀಯೇನು?"

ಮಾಡಿಸ್ತೇನೆ. ಯಾರು ಮಾಡಿಸಲ್ಲ? ಗನ್ ತಾನಾಗಿ ಟಕ್ ಅಂತ ನಿಂತ ಮೇಲೂ ಹುಡುಗ "ರೌಂಡ್ ಮಾಡ್ಲಾ?" ಅಂತಾನೆ, ನಾವು ತಲೆ ಆಡಿಸ್ತೇವೆ. 1862 ಇದ್ದದ್ದು 1900 ಆಗುವ ತನಕ ಅವನು ಹನಿ ಹನಿ ಹಿಂಡುತ್ತಾನೆ. ಟಾಕಿಯ ಮೇಲ್ಭಾಗದಲ್ಲಿ ಬೇಕಂತಲೇ ಖಾಲಿ ಬಿಟ್ಟ ಜಾಗ ಅದು, ಪೆಟ್ರೋಲ್ ಬಿಸಿಯಾಗಿ ಹಿಗ್ಗಲಿಕ್ಕೆ, ಆವಿ ಕೂರಲಿಕ್ಕೆ. ಅಲ್ಲಿಗೂ ಪೆಟ್ರೋಲ್ ತುಂಬಿದರೆ ಆವಿಯ ಪೈಪಿನಲ್ಲಿ ದ್ರವವೇ ಹರಿದು ಡಬ್ಬಿ ಸೇರುತ್ತದೆ. ಚಿಲ್ಲರೆ ಉಳಿಸಲು ಹೋಗಿ ಡಬ್ಬಿ ಕಳೆದುಕೊಂಡೆ. ಅದೂ ಯುಪಿಐ ಬಂದು ಚಿಲ್ಲರೆಯ ಸಮಸ್ಯೆಯೇ ಇಲ್ಲದ ಕಾಲದಲ್ಲಿ.

ಹೊಸ ಪೈಪು ತರುವ ಕೆಲಸ ನನ್ನದು. ಇದು ಸುಲಭ ಅಂದುಕೊಂಡಿದ್ದೆ. ಮೊದಲ ಅಂಗಡಿಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಪೈಪು ಕೊಟ್ಟರು. ಆರು ತಿಂಗಳಿಗೆ ಕಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ ಅದು. ಎರಡನೆಯವನು ಗ್ಯಾಸ್ ಪೈಪು ತೋರಿಸಿದ. ಮೂರನೇ ಕಡೆ ಪೆಟ್ರೋಲ್ ಪೈಪೇ ಸಿಕ್ಕಿತು, ಆದರೆ ಮೈಮೇಲೆ ಒಂದು ಅಕ್ಷರ ಇಲ್ಲ. ನನಗೆ ಬೇಕಾಗಿದ್ದದ್ದು ಎಸ್‌ಎಇ ಜೆ30 ಆರ್9 ಅಂತ, ಅಂದರೆ ಪೆಟ್ರೋಲ್ ಪೈಪಿನ ಗುಣಮಟ್ಟ ಹೇಳುವ ಛಾಪು ಇರುವ ಪೈಪು. ಆರ್7 ಅಂತ ಬರುವುದರಲ್ಲಿ ಒಳಪದರ ಸಾಮಾನ್ಯವಾಗಿ ನೈಟ್ರೈಲ್ ರಬ್ಬರ್. ಆರ್9ರಲ್ಲಿ ಒಳಪದರ ಫ್ಲೋರೋ ರಬ್ಬರ್, ಜನ ವೈಟಾನ್ ಅಂತಾರಲ್ಲ, ಅದು. ಎಥನಾಲ್ ಬೆರೆತ ಪೆಟ್ರೋಲನ್ನೂ ಆವಿಯನ್ನೂ ಅದು ಚೆನ್ನಾಗಿ ತಡೆಯುತ್ತದೆ. ಕೊನೆಗೆ ಮಡಗಾಂವಿನಲ್ಲಿ ಸಿಕ್ಕಿತು, ಸಾದಾ ಪೈಪಿನ ಮೂರು ಪಟ್ಟು ರೇಟು. ನನಗೆ ಬೇಕಾದದ್ದು ಎರಡೂವರೆ ಮೀಟರು, ಮೂರು ತಗೊಂಡೆ.

ಎಥನಾಲ್ ಮಾತು ಬಂದರೆ ಕಾಕಾನನ್ನು ನಿಲ್ಲಿಸುವುದು ಕಷ್ಟ. 2023ರ ಫೆಬ್ರವರಿಯಲ್ಲಿ ಶುರುವಾದ ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲು ಎರಡೇ ವರ್ಷದಲ್ಲಿ ಎಲ್ಲ ಕಡೆ ಬಂತು, 2030ಕ್ಕೆ ಅಂತ ಇದ್ದ ಗುರಿ 2025ಕ್ಕೇ ಮುಟ್ಟಿತು. 2004ರ ಗಾಡಿಯ ರಬ್ಬರನ್ನು ಇಷ್ಟು ಎಥನಾಲಿಗೆ ಅಂತ ಮಾಡಿರಲಿಲ್ಲ, ನಿಜ. ಕಾಕಾ ಪ್ರಕಾರ ಜಗತ್ತಿನ ಎಲ್ಲ ಸೀಳಿಗೂ ಅದೇ ಕಾರಣ. ನನಗೆ ಅಷ್ಟು ಖಾತ್ರಿ ಇಲ್ಲ. ಇಪ್ಪತ್ತು ವರ್ಷ ಬಿಸಿಲು, ಉಪ್ಪುಗಾಳಿ ತಿಂದ ರಬ್ಬರು ನೀರು ಹರಿಸಿದ್ದರೂ ಸೀಳುತ್ತಿತ್ತು. ಬದಲಾಯಿಸಬೇಕು ಅಂತ ನಾನು ಒಂದು ಸಲವೂ ಯೋಚಿಸಿರಲಿಲ್ಲ. ಆಯಿಲ್ ಬದಲಿಸ್ತೇವೆ, ಟಯರ್ ಬದಲಿಸ್ತೇವೆ. ಟಾಕಿಯ ಬೆನ್ನ ಮೇಲಿನ ಪೈಪನ್ನು ಯಾರು ನೋಡ್ತಾರೆ? ಎಥನಾಲಿಗೆ ಬೈದರೆ ನನ್ನ ಪಾಲಿನದು ಮುಚ್ಚಿಹೋಗುತ್ತದೆ, ಅಷ್ಟೇ.

ಕ್ಯಾನಿಸ್ಟರ್ ಡೀಲರ್ ಹತ್ತಿರ ಸ್ಟಾಕ್ ಇರಲಿಲ್ಲ, ಆರ್ಡರ್ ಹಾಕಿ ಹನ್ನೊಂದು ದಿನ ಕಾದೆವು. ಟಾಕಿಯ ಮೇಲೆ ಆವಿಯಿಂದ ಪೆಟ್ರೋಲ್ ಹನಿಯನ್ನು ಬೇರ್ಪಡಿಸುವ ಇನ್ನೊಂದು ಸಣ್ಣ ಡಬ್ಬಿ ಇರುತ್ತದೆ, ಅದರ ಕೊಳವೆಗೆ ತುಕ್ಕು ಹಿಡಿದು ಸೂಜಿ ಮೊನೆಯಷ್ಟು ತೂತಾಗಿತ್ತು. ಬೆಸುಗೆ ಹಾಕಿಸೋಣವಾ ಅಂದೆ. ಕಾಕಾ ನನ್ನನ್ನು ಬೀಡಿಯವನನ್ನು ನೋಡಿದ ಹಾಗೇ ನೋಡಿದರು. ಪೆಟ್ರೋಲ್ ಕುಡಿದ ಡಬ್ಬಿಗೆ ಬೆಂಕಿ ತೋರಿಸುವ ಮಾತೇ ಇಲ್ಲ. ಭಂಗಾರ್ ಅಡ್ಡೆಗೆ ಹೋಗೋಣ ಅಂದರು. ಗೋವಾಕ್ಕೆ ಬಂದ ಹೊಸದರಲ್ಲಿ ಈ ಬೋರ್ಡು ನೋಡಿ ನಾನು ಬೆರಗಾಗಿದ್ದೆ. ಇಷ್ಟೊಂದು ಬಂಗಾರದ ಅಂಗಡಿ, ಅದೂ ತಗಡಿನ ಶೆಡ್ಡಿನಲ್ಲಿ! ಆಮೇಲೆ ತಿಳಿಯಿತು, ನಮ್ಮ ಗುಜರಿ ಇಲ್ಲಿ ಭಂಗಾರ್. ಅಲ್ಲಿ ಮಳೆ ಬೀಳದ ಮೂಲೆಯಲ್ಲಿ ಬಿದ್ದಿದ್ದ ಇನ್ನೊಂದು ಓಮ್ನಿಯ ಟಾಕಿಯಿಂದ ಅಂಥದ್ದೇ ಸಣ್ಣ ಡಬ್ಬಿ ಬಿಚ್ಚಿಕೊಂಡೆವು. ವಾಲ್ವನ್ನೂ ತಗೊಂಡೆವು. ಸ್ವಚ್ಛ ಪೈಪು ಹಾಕಿ ಎರಡೂ ಕಡೆಯಿಂದ ಊದಿ ನೋಡಿದರು. ಎರಡೂ ಕಡೆ ಗಾಳಿ ಹೋಗಬೇಕು, ಆದರೆ ಸ್ವಲ್ಪ ತಡೆದು ಹೋಗಬೇಕು. ನನ್ನ ಹಳೆಯದು ಒಂದು ಕಡೆ ಕಲ್ಲಿನ ಹಾಗೆ ಕೂತಿತ್ತು.

ಕಾಯುವ ಆ ದಿನಗಳಲ್ಲಿ ಒಮ್ಮೆ ಕಾಕಾ ತಮ್ಮ ಹುಡುಗತನದ ಕಥೆ ಹೇಳಿದರು. ಎಂಬತ್ತರ ದಶಕದಲ್ಲಿ ಮಾಪುಸಾದ ಗ್ಯಾರೇಜೊಂದರಲ್ಲಿ ಪಾನಾ ಎತ್ತಿಕೊಡುವ ಹುಡುಗ. ಯುರೋಪಿನಿಂದ ರಸ್ತೆ ಮೇಲೇ ಬಂದ ಫೋಕ್ಸ್‌ವ್ಯಾಗನ್ ವ್ಯಾನುಗಳು ಅಂಜುನಾ ಕಡೆಯಿಂದ ರಿಪೇರಿಗೆ ಬರುತ್ತಿದ್ದವಂತೆ. ಎಂಜಿನ್ ಹಿಂದೆ, ರೇಡಿಯೇಟರ್ ಇಲ್ಲ, ಗಾಳಿಗೇ ತಣ್ಣಗಾಗುತ್ತದೆ. ಮುಂದೆ ಒಂದೇ ದೊಡ್ಡ ಗಾಜು ಇರುವ ಟೈಪ್ 2. ಜರ್ಮನಿಯಲ್ಲಿ ಅದನ್ನು 1967ರಿಂದ 1979ರ ತನಕ ಮಾಡಿದರು, ಬ್ರೆಜಿಲಿನಲ್ಲಿ 2013ರ ತನಕವೂ ಮಾಡುತ್ತಿದ್ದರು. ಅದರ ಪೆಟ್ರೋಲ್ ಟಾಕಿ ಎಂಜಿನ್ನಿಗೆ ತಾಗಿದ ಹಾಗೆ, ಗೇರ್‌ಬಾಕ್ಸಿನ ಮೇಲೆ ಕೂತಿರುತ್ತದೆ, ನಡುವೆ ಒಂದು ತಗಡಿನ ಗೋಡೆ. ಟಾಕಿಯ ಮೇಲಿನ ಗಾಳಿ ಪೈಪು ಬದಲಿಸಬೇಕಾದರೂ ಎಂಜಿನ್ ಇಳಿಸಬೇಕು. ಹಾಗಾಗಿ ಯಾರೂ ಬದಲಿಸುತ್ತಿರಲಿಲ್ಲ. ಹಳೇ ಪೈಪು ಬಿಸಿ ಎಂಜಿನ್ನಿನ ಪಕ್ಕದಲ್ಲೇ ಪೆಟ್ರೋಲ್ ಬಿಟ್ಟು ಸುಟ್ಟುಹೋದ ಆ ಜಾತಿಯ ವ್ಯಾನುಗಳಿಗೆ ಲೆಕ್ಕವಿಲ್ಲ.

"ನನ್ನ ಉಸ್ತಾದ ಪೆಟ್ರೋಲ್ ವಾಸನಿ ಅಂದ್ರ ಸಾಕು, ಎಂಜಿನ್ ಇಳಸ್ತಿದ್ದ. ಗಿರಾಕಿ ಎಷ್ಟ ಬೈದ್ರೂ ಇಳಸ್ತಿದ್ದ" ಅಂದರು ಕಾಕಾ.

ಮಳೆಗಾಲ ಪೂರ್ತಿ ತೆಂಗಿನ ತೋಟದಲ್ಲಿ ನಿಲ್ಲಿಸಿಟ್ಟ ವ್ಯಾನುಗಳಲ್ಲಿ ಇನ್ನೊಂದು ಕಾಟ. ಗಾಳಿ ಪೈಪಿನ ತೆರೆದ ಬಾಯಿಗೆ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿರುತ್ತಿತ್ತಂತೆ. ನಾನು ನಂಬಲಿಲ್ಲ. ರಾತ್ರಿ ಫೋನಿನಲ್ಲಿ ಹುಡುಕಿದರೆ ಅದಕ್ಕಿಂತ ದೊಡ್ಡ ಕಥೆ ಸಿಕ್ಕಿತು. 2011ರಲ್ಲಿ ಅಮೆರಿಕದಲ್ಲಿ ಮಜ್ಡಾ ಕಂಪನಿ 50 ಸಾವಿರಕ್ಕೂ ಹೆಚ್ಚು ಮಜ್ಡಾ 6 ಕಾರುಗಳನ್ನು ವಾಪಸ್ ಕರೆಸಿತ್ತು. ಕಾರಣ, ಒಂದು ಜಾತಿಯ ಹಳದಿ ಜೇಡ. ಟಾಕಿಯ ಗಾಳಿ ಪೈಪಿನಲ್ಲಿ ಬಲೆ ಕಟ್ಟುತ್ತಿತ್ತು, ಎಳೆತ ಹೆಚ್ಚಾಗಿ ಟಾಕಿ ಬಿರುಕು ಬಿಡುವ ಅಪಾಯ ಇತ್ತು. ಮಾರನೇ ದಿನ ಕಾಕಾಗೆ ಹೇಳಿದೆ. "ಮತ್ತ?" ಅಂದರು, ಇದೇನು ದೊಡ್ಡ ಸುದ್ದಿ ಅನ್ನೋ ಹಾಗೆ.

ಜೋಡಿಸುವ ದಿನ ನಾನೂ ಗಾಡಿಯ ಕೆಳಗೆ ಮಲಗಿದೆ. ಪೈಪು ಹಾಕುವುದರಲ್ಲೂ ಒಂದು ಕ್ರಮ ಇದೆ. ಎಲ್ಲೂ ಜೋತುಬೀಳಬಾರದು. ಜೋತುಬಿದ್ದ ಜಾಗದಲ್ಲಿ ಆವಿ ತಣ್ಣಗಾಗಿ ಪೆಟ್ರೋಲ್ ನಿಂತರೆ ಮೋರಿಯ ಬಗ್ಗಿದ ಪೈಪಿನಲ್ಲಿ ನೀರು ನಿಂತ ಹಾಗೆ, ಗಾಳಿಗೆ ದಾರಿ ಬಂದ್. ಟಾಕಿಯಿಂದ ಮೇಲಕ್ಕೆ ಏರುತ್ತಾ ಹೋಗಬೇಕು, ಒಳಗೆ ಹನಿ ಕಟ್ಟಿದರೂ ಟಾಕಿಗೇ ವಾಪಸ್ ಇಳಿಯಬೇಕು. ಕ್ಲಿಪ್ ಕೂಡ ಮೈಮೇಲೆ ಹಲ್ಲಿನಂಥ ಸೀಳು ಇರುವುದು ಬೇಡ, ಬಿಗಿದಂತೆ ರಬ್ಬರನ್ನು ಕೊಯ್ಯುತ್ತದೆ. ಅಂಚು ಮಡಿಸಿದ್ದು ಬೇಕು. ಒಂದು ಕ್ಲಿಪ್ಪನ್ನು ನಾನೇ ಹಾಕಿದೆ. ಕಾಕಾ ಬಂದು ನೋಡಿ, ಏನೂ ಅನ್ನದೆ, ಬಿಚ್ಚಿ ಮತ್ತೆ ಹಾಕಿದರು.

ಕೊನೆಗೆ ಪರೀಕ್ಷೆ. ಕಂಪ್ರೆಸರ್ ಹವಾ ಹಚ್ಚೋಣವಾ ಅಂತ ಅವರ ಹುಡುಗ ಕೇಳಿದ. ಬೇಡ, ಟಾಕಿಯ ಜೋಡಣೆ ಅಷ್ಟು ಒತ್ತಡಕ್ಕೆ ಮಾಡಿದ್ದಲ್ಲ. ಹೊಸ ಪೈಪಿನ ತುಂಡೊಂದನ್ನು ಸೇರಿಸಿ, ಬಾಯಿಂದಲೇ ಮೆಲ್ಲಗೆ ಊದಿ, ಪ್ರತಿ ಜೋಡಿಗೂ ಸೋಪಿನ ನೊರೆ ಹಚ್ಚಿದರು. ವಾಲ್ವಿನ ಹತ್ತಿರ ಒಂದು ಗುಳ್ಳೆ ಎದ್ದಿತು, ಸಾಸಿವೆ ಕಾಳಿನಷ್ಟು. ದೊಡ್ಡದಾಗಿ ಒಡೆಯಿತು. ಇನ್ನೊಂದು ಎದ್ದಿತು. ಕ್ಲಿಪ್ ಕಾಲು ಸುತ್ತು ಬಿಗಿ ಮಾಡಿದ ಮೇಲೆ ನೊರೆ ಹಾಗೇ ಕೂತಿತು. ಹತ್ತು ನಿಮಿಷ ಇಬ್ಬರೂ ಆ ನೊರೆಯನ್ನೇ ನೋಡುತ್ತಾ ಮಲಗಿದ್ದೆವು.

ಅವ್ವನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವಳು ಧಾರವಾಡದಲ್ಲಿ ಹದಿನೆಂಟು ವರ್ಷ ಸಣ್ಣ ಖಾನಾವಳಿ ನಡೆಸಿದವಳು. 15 ಕಿಲೋದ ಶೇಂಗಾ ಎಣ್ಣೆ ಡಬ್ಬಿಗೆ ಮೊಳೆ ಇಟ್ಟು ಕಲ್ಲಿನಿಂದ ಎರಡು ಏಟು ಹಾಕುವುದನ್ನು ಎಷ್ಟು ಸಲ ನೋಡಿದ್ದೇನೋ. ಒಂದು ಈ ಮೂಲೆಗೆ, ಒಂದು ಆ ಮೂಲೆಗೆ. ಎರಡನೆಯದು ಯಾಕೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ.

"ಇಷ್ಟ ಹೌದಲ್ಲೋ?" ಅಂದಳು. "ಘಾಟಿನ್ಯಾಗ ನನ್ನ ಕೇಳಿದ್ರ ಅಲ್ಲೇ ಹೇಳ್ತಿದ್ನಲ್ಲೋ."

ಸಂಕ್ರಾಂತಿಗೆ ಮತ್ತೆ ಅದೇ ದಾರಿಯಲ್ಲಿ ಹೋದೆವು. ಘಾಟಿನ ಅದೇ ತಿರುವಿನಲ್ಲಿ, ಏನೂ ಆಗದಿದ್ದರೂ, ಗಾಡಿ ನಿಲ್ಲಿಸಿ ಮುಚ್ಚಳ ತಿರುಗಿಸಿದೆ. ಸುಯ್ ಅನ್ನಲಿಲ್ಲ. ನಿದ್ದೆಯಲ್ಲಿ ಮಗು ಉಸಿರು ಬಿಟ್ಟಷ್ಟು ಸದ್ದು, ಅಷ್ಟೇ. ಅವ್ವ ಹಿಂದಿನಿಂದ "ಒಂದು" ಅಂದಳು.

ವಾಪಸ್ ಬಂದ ವಾರ ಟಯರ್ ಪಂಕ್ಚರ್ ಆಗಿ, ಬೇರೆ ದಾರಿ ಇಲ್ಲದೆ ಮನೆ ಹತ್ತಿರದ ಅದೇ ಗ್ಯಾರೇಜಿಗೆ ಹೋದೆ. ಹುಡುಗ ನಗುತ್ತಾ ಬಂದು ಕುರ್ಚಿ ಹಾಕಿದ. "ವಾಸನಿ ಹೋತಲ್ರಿ ಅಣ್ಣಾರ?" ಅಂದ. ಜೇಬಿನಲ್ಲಿದ್ದ ಹಳದಿ ಸ್ಕ್ರೂ ತೆಗೆದು ಅವನ ಅಂಗೈಯಲ್ಲಿಟ್ಟೆ. ಟಾಕಿ, ಎಳೆತ, ಘಾಟು, ಎಲ್ಲ ಹೇಳಿದೆ. ಬೇರೆ ಯಾರ ಗಾಡಿಗಾದರೂ ಹೀಗೆ ಹೊಡೆದಿದ್ದರೆ ಕರೆದು ತೆಗಿ ಅಂದೆ. ಪೂರ್ತಿ ಕೇಳಿಸಿಕೊಂಡ. ಮುಖ ಸಣ್ಣದಾಯಿತು. ಸ್ಕ್ರೂವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇನ್ನೊಂದ ಗಾಡಿ ಐತ್ರಿ, ಕರಸ್ತೀನಿ" ಅಂದ. ಸ್ವಲ್ಪ ಹೊತ್ತು ಬಿಟ್ಟು, ತಲೆ ಎತ್ತದೆ, "ನೀವ ಅಂದಿದ್ರಿ ಅಣ್ಣಾರ, ಏನರ ಮಾಡು, ವಾಸನಿ ಹೋದ್ರ ಸಾಕು ಅಂತ" ಅಂದ.